‘ಇದು ಎಲ್ಲಿಯದು?’ ಅಂದರೆ ‘ನೀನು ಯಾವ ಪಾರ್ಟಿ?’ ಅಂತಾರೆ

ತುಂಗಾತೀರ:
ಚುನಾವಣೆ ಹೊತ್ತಿನಲ್ಲಿ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ದೊಡ್ಡಪ್ಪ ಒಂದು ಗಲಭೆಯ ವಿಡಿಯೊ ಹಾಕಿದರು. ನಮ್ಮ ಜಿಲ್ಲೆಯದೇ ಅಂತ ಬರೆದಿತ್ತು. ಆದರೆ ಅಂಗಡಿ ಬೋರ್ಡಿನಲ್ಲಿ ಒಂದೂ ಕನ್ನಡ ಅಕ್ಷರ ಇಲ್ಲ. “ಇದು ಎಲ್ಲಿಯದು ದೊಡ್ಡಪ್ಪ?” ಅಂದೆ. “ನೀನು ಯಾವ ಪಾರ್ಟಿ?” ಅಂತ ಅಣ್ಣ ತಿರುಗಿಬಿದ್ದ. ಮಾತು ಅಲ್ಲಿಗೇ ನಿಂತಿತು. ಓದಿದವರೂ ಯೋಚಿಸೋದು ಬಿಡೋದು ಯಾಕೆ?

ಮೆಜೆಸ್ಟಿಕ್ ಹಳಬ:
2012ರ ಆಗಸ್ಟ್‌ನಲ್ಲಿ ನಾನು ಬೆಂಗಳೂರಿನ ಒಂದು ಹೋಟೆಲಿನಲ್ಲಿ ಕ್ಯಾಶ್ ನೋಡಿಕೊಳ್ಳುತ್ತಿದ್ದೆ. ಅಡುಗೆಮನೆಯಲ್ಲಿ ಅಸ್ಸಾಮಿನ ಹುಡುಗರಿದ್ದರು. ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್ ಕಡೆ ಬೋಡೊಗಳಿಗೂ ಬಂಗಾಳಿ ಮಾತಾಡುವ ಮುಸ್ಲಿಮರಿಗೂ ಗಲಭೆಯಾಗಿತ್ತು. ಅದು ನಿಜ. ಅದರ ಬೆನ್ನಿಗೇ, ಬೆಂಗಳೂರಿನಲ್ಲಿ ಈಶಾನ್ಯದವರ ಮೇಲೆ ದಾಳಿ ಆಗುತ್ತೆ ಅಂತ ಎಸ್ಸೆಮ್ಮೆಸ್ ಓಡಾಡಿದವು. ಅದು ಸುಳ್ಳು. ನಿಜದ ಬಾಲ ಹಿಡಿದು ಬಂದ ಸುಳ್ಳು.

“ಯಾರಪ್ಪ ಹೇಳಿದ್ದು?” ಅಂತ ಒಬ್ಬ ಹುಡುಗನನ್ನು ಕೇಳಿದೆ. “ನಮ್ಮೂರವರು” ಅಂದ. ಗುರುತಿಲ್ಲದವರು ಹೇಳಿದ್ದರೆ ಅನುಮಾನ ಪಡುತ್ತಿದ್ದನೇನೋ. ಆಗಸ್ಟ್ 15ರ ಹೊತ್ತಿಗೆ ಸಿಟಿ ಸ್ಟೇಷನ್ ತುಂಬ ಜನ. ರೈಲ್ವೆಯವರು ಗುವಾಹಟಿಗೆ ವಿಶೇಷ ರೈಲು ಬಿಟ್ಟರು. “ರೈಲೇ ಬಿಡ್ತಿದ್ದಾರೆ ಅಂದ್ಮೇಲೆ ಏನೋ ಇದೆ” ಅಂತ ನಮ್ಮ ಹುಡುಗರೂ ಹೊರಟರು. ಕೊನೆಗೆ ಕೇಂದ್ರ ಸರ್ಕಾರ 15 ದಿನ, ಒಂದು ಸಲಕ್ಕೆ 5ಕ್ಕಿಂತ ಜಾಸ್ತಿ ಜನಕ್ಕೆ ಎಸ್ಸೆಮ್ಮೆಸ್ ಕಳಿಸೋದನ್ನೇ ತಡೆಯಿತು.

ಆ ಹುಡುಗರನ್ನು ದಡ್ಡರು ಅನ್ನೋಕೆ ನನಗೆ ಮನಸ್ಸಿಲ್ಲ. ಜೀವಭಯ ಹಿಡಿದವನಿಗೆ ವಿಚಾರಿಸೋ ಪುರುಸೊತ್ತು ಎಲ್ಲಿಂದ ಬರಬೇಕು? ಸುಳ್ಳು ಹಬ್ಬಿಸೋರಿಗೆ ನಾವು ಪೂರ್ತಿ ನಂಬಲೇಬೇಕು ಅಂತೇನಿಲ್ಲ. ಕೇಳದೆ ಮುಂದಕ್ಕೆ ಕಳಿಸಿದರೆ ಸಾಕು. ನಿಮ್ಮ ಅಣ್ಣನ ಮಾತೂ ಅದೇ ಕೆಲಸ ಮಾಡಿತು. ವಿಡಿಯೊ ಮೇಲಿದ್ದ ಪ್ರಶ್ನೆ ನಿಮ್ಮ ಮೇಲೆ ತಿರುಗಿತು, ಅಲ್ವಾ?

ಮಲೆನಾಡ ಮೇಷ್ಟ್ರು:
ಅದೇ ವರ್ಷ ಇನ್ನೊಂದು ಫೋಟೊ ಓಡಾಡಿತ್ತು. ಸಾಲು ಹೆಣಗಳ ನಡುವೆ ಬೌದ್ಧ ಭಿಕ್ಷುಗಳು. ಬರ್ಮಾದಲ್ಲಿ ಮುಸ್ಲಿಮರನ್ನು ಕೊಂದದ್ದು ಅಂತ ಅಡಿಬರಹ. ಅಸಲಿಗೆ ಅದು 2010ರಲ್ಲಿ ಚೀನಾದ ಯುಶುವಿನಲ್ಲಿ ಭೂಕಂಪ ಆದಾಗಿನದು. ಸತ್ತವರ ಅಂತ್ಯಕ್ರಿಯೆಗೆ ನಿಂತ ಟಿಬೆಟನ್ ಭಿಕ್ಷುಗಳು ಅವರು. ಅಡಿಬರಹ ಮುಚ್ಚಿಟ್ಟು ಚಿತ್ರ ನೋಡೋ ಅಭ್ಯಾಸ ಮಾಡಿಸಿ ಅಂತ ಪೋಷಕರಿಗೆ ಹೇಳ್ತಾ ಇರ್ತೀನಿ.

ತುಂಗಾತೀರ:
ಹಾಗಾದರೆ ಗ್ರೂಪಿನಲ್ಲಿ ಸುಮ್ನೆ ಇರಬೇಕಾ?

ಮೆಜೆಸ್ಟಿಕ್ ಹಳಬ:
ಖಂಡಿತ ಬೇಡ. ಆದರೆ ಎಲ್ಲರ ಎದುರು ಕೇಳಿದರೆ ದೊಡ್ಡಪ್ಪನಿಗೆ ಅದು ಮರ್ಯಾದೆ ಪ್ರಶ್ನೆ. ಮೊದಲು ಅವರಿಗೊಬ್ಬರಿಗೇ ಫೋನ್ ಮಾಡಿ. ಕಳಿಸಿದವರು ಕಣ್ಣಾರೆ ಕಂಡಿದ್ದಾರಾ ಅಂತ ಕೇಳಿ. ಅವರಾಗಿಯೇ ಅಳಿಸಿದರೆ ಅಣ್ಣನೂ ಗಮನಿಸ್ತಾನೆ. ಅಳಿಸದಿದ್ದರೆ, ಎಲ್ಲಿಯದು ಅಂತ ಗ್ರೂಪಿನಲ್ಲೇ ಇನ್ನೊಮ್ಮೆ ಕೇಳಿ.