ಎಸ್‌ಎಸ್‌ಬಿ ಸಂದರ್ಶನ: ಫಾರಂನಲ್ಲಿ ಗಿರಣಿ ಕೆಲಸ ಬರೆಯಲಾ, ಕ್ರಿಕೆಟ್ ಬರೆಯಲಾ?

ಗಿರಣಿ ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮದು ಹಾವೇರಿ ಜಿಲ್ಲೆ, ರಟ್ಟೀಹಳ್ಳಿ ಹತ್ತಿರದ ಒಂದು ಹಳ್ಳಿ. ಬಿ.ಎಸ್ಸಿ. ಮುಗಿದಿದೆ. ಎನ್‌ಸಿಸಿ ‘ಸಿ’ ಸರ್ಟಿಫಿಕೇಟ್ ಇದೆ, ಬಿ ಗ್ರೇಡ್. ಸೇನೆಯಲ್ಲಿ ಅಧಿಕಾರಿ ಆಗೋಕೆ ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ ಅರ್ಜಿ ಹಾಕಿದ್ದೆ. ಅದಕ್ಕೆ ಲಿಖಿತ ಪರೀಕ್ಷೆ ಇಲ್ಲ, ನೇರವಾಗಿ ಎಸ್‌ಎಸ್‌ಬಿ, ಅಂದರೆ ಅಧಿಕಾರಿಗಳನ್ನು ಆರಿಸುವ ಐದು ದಿನದ ಪರೀಕ್ಷೆ, ಸಂದರ್ಶನ. ಬೆಂಗಳೂರಿಗೆ ಕರೆ ಬಂದಿದೆ. ಇನ್ನು ಮೂರು ವಾರ ಇದೆ.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ಅರ್ಥ ಆಗುತ್ತದೆ, ಮಾತಾಡುವಾಗ ತಡವರಿಸುತ್ತೇನೆ. ಅಪ್ಪನದು ಹಿಟ್ಟಿನ ಗಿರಣಿ. ಕಾಲೇಜು ಬಿಟ್ಟ ಮೇಲೆ ಸಂಜೆ ನಾನೇ ನೋಡಿಕೊಳ್ಳುತ್ತೇನೆ, ಹಾಗಾಗಿ ಆಟ ಗೀಟ ಅಷ್ಟಕ್ಕಷ್ಟೆ. ಪಿಐಕ್ಯೂ ಅಂತ ನಮ್ಮ ವಿವರ ತುಂಬುವ ಫಾರಂನಲ್ಲಿ ಹವ್ಯಾಸ ಅಂತ ಏನು ಬರೆಯಲಿ? ಗೆಳೆಯರೆಲ್ಲ ‘ಕ್ರಿಕೆಟ್, ಪುಸ್ತಕ ಓದುವುದು ಅಂತ ಬರಿ’ ಅಂತಿದ್ದಾರೆ. ಎರಡನೇ ಸೆಮಿಸ್ಟರ್‌ನಲ್ಲಿ ಒಂದು ವಿಷಯ ಫೇಲ್ ಆಗಿತ್ತು, ಆಮೇಲೆ ಪಾಸ್ ಮಾಡಿದೆ. ಅದನ್ನು ಕೇಳಿದರೆ? ಒಳಗೆ ಕೂತಿರುವವರು ಕರ್ನಲ್ ಅಂತೆ. ನೆನೆಸಿಕೊಂಡರೇ ಕೈ ಬೆವರುತ್ತಿದೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಮೂರು ಸಲ ಹೋದವ:

ತಮ್ಮಾ, ಹೆಸರೇ ಹೇಳುವ ಹಾಗೆ ನಾನು ಮೂರು ಸಲ ಹೋಗಿದ್ದೇನೆ. ಎರಡು ಸಲ ಐದನೇ ದಿನದ ಕಾನ್ಫರೆನ್ಸ್ (ಅಧಿಕಾರಿಗಳೆಲ್ಲ ಒಟ್ಟಿಗೆ ಕೂತು ತೀರ್ಮಾನ ಮಾಡುವುದು) ಮುಗಿಸಿ, ಆಯ್ಕೆಯಾಗದೆ ವಾಪಸ್. ಮೂರನೇ ಸಲ ರೆಕಮೆಂಡ್ ಆದೆ, ಮೆಡಿಕಲ್ ಕೂಡ ಆಯಿತು, ಆದರೆ ಮೆರಿಟ್ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಈಗ ಸಾಗರದಲ್ಲಿ ಬ್ಯಾಂಕ್ ಕೆಲಸ. ಹಾಗಾಗಿ ಇದು ಗೆದ್ದವನ ಉಪದೇಶ ಅಲ್ಲ, ಎಡವಿದವನ ಮಾತು ಅಂದುಕೊಂಡು ಓದು.

ಮೊದಲ ಸಲ ನಾನೂ ನಿನ್ನ ಗೆಳೆಯರ ಮಾತೇ ಕೇಳಿದ್ದೆ. ಹವ್ಯಾಸ: ಈಜು. ಸಂದರ್ಶನ ಮಾಡುವ ಅಧಿಕಾರಿ ಎದುರಿಗೆ ಇರುವುದೇ ಆ ಫಾರಂ. ಊರು, ಅಪ್ಪನ ಕೆಲಸ, ಆದಾಯ, ಮಾರ್ಕ್ಸು, ಆಟ, ಹವ್ಯಾಸ, ಎಲ್ಲ ನಿನ್ನದೇ ಕೈಬರಹ. ಅವರು ಆರಾಮಾಗಿ ಕೇಳಿದರು, ‘ಕೊನೆ ಸಲ ಈಜಿದ್ದು ಯಾವಾಗ?’ ನಾನು ಹೊಳೆಗೆ ಇಳಿದಿದ್ದು ಎಂಟನೇ ಕ್ಲಾಸಿನಲ್ಲಿ. ‘ಹೋದ ತಿಂಗಳು ಸರ್’ ಅಂದೆ. ‘100 ಮೀಟರ್ ಫ್ರೀಸ್ಟೈಲ್ ವಿಶ್ವ ದಾಖಲೆ ಯಾರದು?’ ಗೊತ್ತಿಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ಬಾಯಿಗೆ ಬಂದಿದ್ದು ಫೆಲ್ಪ್ಸ್, ಅದನ್ನೇ ಹೇಳಿದೆ. ಅವರು ಬೈಯಲಿಲ್ಲ, ಸುಮ್ನೆ ತಲೆ ಆಡಿಸಿದರು. ಅಲ್ಲಿಂದ ಮುಂದಕ್ಕೆ ನಾನು ಹೇಳಿದ್ದು ಯಾವುದನ್ನೂ ಅವರು ಪೂರ್ತಿ ನಂಬಲಿಲ್ಲ ಅಂತ ನನಗೆ ಕೂತಲ್ಲೇ ಗೊತ್ತಾಗುತ್ತಿತ್ತು.

ಮೂರನೇ ಸಲ ಇದ್ದಿದ್ದನ್ನೇ ಬರೆದೆ. ಅಡಿಕೆ ಸುಗ್ಗಿಯಲ್ಲಿ ಮನೆ ಕೆಲಸ. ಆ ಸಲದ ಅಧಿಕಾರಿ ಉತ್ತರದ ಕಡೆಯವರು, ಅಡಿಕೆ ಗೊನೆ ನೋಡಿದವರೇ ಅಲ್ಲ. ಮುಕ್ಕಾಲು ಗಂಟೆಯ ಸಂದರ್ಶನದಲ್ಲಿ ಅರ್ಧ ಅದೇ ಮಾತು! ರಾತ್ರಿ ಸುಲಿಯೋಕೆ ಎಷ್ಟು ಜನ ಬರ್ತಾರೆ, ಕೂಲಿ ಲೆಕ್ಕ ಹೇಗೆ, ಅಳತೆಯಲ್ಲಿ ಜಗಳ ಬಂದರೆ ಯಾರು ಬಿಡಿಸುತ್ತಾರೆ, ಬೇಯಿಸುವ ದಿನ ಮಳೆ ಬಂದರೆ ಏನು ಮಾಡ್ತೀರಿ? ಇಂಗ್ಲಿಷ್ ತಪ್ಪಿತು, ನಡುವೆ ಹಿಂದಿ ಬಂತು. ಅವರು ತಲೆ ಕೆಡಿಸಿಕೊಳ್ಳಲಿಲ್ಲ. ನಾಲ್ಕು ಜನರನ್ನು ಕಟ್ಟಿಕೊಂಡು ನೀನು ಕೆಲಸ ಮಾಡಿದ್ದೀಯಾ ಅಂತ ನೋಡುತ್ತಾರೆ ಅಷ್ಟೆ. ನಿನ್ನ ಗಿರಣಿಯಲ್ಲಿ ಅದು ಬೇಕಾದಷ್ಟಿದೆ, ಅಲ್ವಾ?

ಒಂದು ಎಚ್ಚರಿಕೆ. ಶುರುವಿನಲ್ಲೇ ಸರಮಾಲೆ ಪ್ರಶ್ನೆ ಬರುತ್ತದೆ. ಹತ್ತನೇ ತರಗತಿಯಿಂದ ಡಿಗ್ರಿವರೆಗೆ ಮಾರ್ಕ್ಸು, ಯಾವ ಟೀಚರ್ ಇಷ್ಟ, ಯಾರು ಇಷ್ಟ ಇಲ್ಲ, ಏಕೆ, ಗೆಳೆಯರು ಯಾರು, ಅವರಲ್ಲಿ ಏನು ಹಿಡಿಸಲ್ಲ, ಬಿಡುವಿನಲ್ಲಿ ಏನು ಮಾಡ್ತೀಯಾ, ಎಲ್ಲ ಒಂದೇ ಉಸಿರಿನಲ್ಲಿ. ಕೇಳಿದ ಕ್ರಮದಲ್ಲೇ ಹೇಳುತ್ತಾ ಹೋಗು. ನಡುವೆ ಒಂದು ಮರೆತರೆ ‘ಸರ್, ಮುಂದಿನದು ಮರೆತೆ’ ಅಂತ ಕೇಳು. ನಾನು ಎರಡನೇ ಸಲ ಕೇಳೋಕೆ ನಾಚಿಕೊಂಡು ಅರ್ಧ ನುಂಗಿಬಿಟ್ಟೆ. ಫೇಲ್ ಆಗಿದ್ದನ್ನು ಕೇಳಿದರೆ ‘ಹೌದು ಸರ್, ಈ ಕಾರಣಕ್ಕೆ’ ಅನ್ನು. ಕಾರಣ ಮೇಷ್ಟ್ರು ಸರಿ ಇರಲಿಲ್ಲ ಅನ್ನೋದು ಮಾತ್ರ ಆಗಬಾರದು.

ಚೆನ್ನೈಗೆ ಹೋದ ಅಕ್ಕ:

ನಾನು ಇದೇ ಎಂಟ್ರಿಯಲ್ಲಿ ಆಯ್ಕೆಯಾಗಿ ಚೆನ್ನೈ ಒಟಿಎಯಲ್ಲಿ (ಸೇನಾಧಿಕಾರಿಗಳ ತರಬೇತಿ ಅಕಾಡೆಮಿ) ತರಬೇತಿ ಮುಗಿಸಿದವಳು. ಮೇಲಿನವರು ಹೇಳಿದ್ದು ಸರಿ. ನನ್ನದೊಂದು ಮಾತು ಸೇರಿಸುತ್ತೇನೆ. ಸಂದರ್ಶನ ಒಂದನ್ನೇ ಬೇರೆಯಾಗಿ ತಯಾರಿ ಮಾಡಬೇಡಪ್ಪ. ಇಡೀ ಎಸ್‌ಎಸ್‌ಬಿ ‘ಮನಸಾ, ವಾಚಾ, ಕರ್ಮಣಾ’ ಅನ್ನುವ ಲೆಕ್ಕದಲ್ಲಿ ನಡೆಯುತ್ತದೆ. ಮನಸ್ಸನ್ನು ಸೈಕಾಲಜಿಸ್ಟ್ ನೋಡುತ್ತಾರೆ: ಚಿತ್ರ ನೋಡಿ ಕಥೆ, 60 ಪದ, ಒಂದೊಂದಕ್ಕೆ ಒಂದು ವಾಕ್ಯ ಬರೆಯೋಕೆ 15 ಸೆಕೆಂಡು. ಮಾತನ್ನು ಸಂದರ್ಶನದವರು, ಕೆಲಸವನ್ನು ಮೈದಾನದಲ್ಲಿ ಜಿಟಿಒ, ಅಂದರೆ ಗುಂಪಿನಲ್ಲಿ ಕೆಲಸ ಮಾಡಿಸಿ ನೋಡುವ ಅಧಿಕಾರಿ. ಮೂವರೂ ಬೇರೆ ಬೇರೆಯಾಗಿ ಅಂಕ ಹಾಕಿ ಕೊನೆಯ ದಿನ ಒಟ್ಟಿಗೆ ಕೂರುತ್ತಾರೆ. ಒಬ್ಬರ ಹತ್ತಿರ ಒಂದು ವೇಷ ಹಾಕಿದರೆ ಇನ್ನೊಬ್ಬರ ಹತ್ತಿರ ಕಳಚಿ ಬೀಳುತ್ತದೆ.

ನನಗೆ ಕೇಳಿದ್ದರಲ್ಲಿ ಜಾಸ್ತಿ ಕಷ್ಟ ಆಗಿದ್ದು ಯುದ್ಧ, ಟ್ಯಾಂಕು ಅಲ್ಲ. ‘ನಿಮ್ಮ ರೂಮಿನಲ್ಲಿ ಇರುವವರ ಹೆಸರು, ಊರು ಹೇಳಿ.’ ಮೂರು ದಿನದಿಂದ ಒಟ್ಟಿಗೆ ಇದ್ದೆವು, ಇಬ್ಬರನ್ನು ಎದೆ ಮೇಲಿನ ಚೆಸ್ಟ್ ನಂಬರ್‌ನಿಂದಲೇ ಕರೆಯುತ್ತಿದ್ದೆ! ಹೋದ ದಿನವೇ ಎಲ್ಲರನ್ನೂ ಮಾತಾಡಿಸು. ಇನ್ನು ಸೇನೆ ಬಗ್ಗೆ ತಳಮಟ್ಟದ್ದು ತಿಳಿದಿರಲಿ. 1949ರ ಜನವರಿ 15ರಂದು ಕಾರ್ಯಪ್ಪ ಅವರು ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು, ಸೇನಾ ದಿನ ಅದಕ್ಕೇ. ಕರ್ನಾಟಕದವರು ಇದಕ್ಕೆ ತಡವರಿಸಿದರೆ ಚೆನ್ನಾಗಿರಲ್ಲ.

ಗಿರಣಿ ಹುಡುಗ:

ಅಣ್ಣ, ಅಕ್ಕ, ಇಬ್ಬರಿಗೂ ಥ್ಯಾಂಕ್ಸ್. ಗಿರಣಿ ಅಂತಲೇ ಬರೆಯುತ್ತೇನೆ. ನಿನ್ನೆ ರಾತ್ರಿ ಕನ್ನಡಿ ಮುಂದೆ ಕೂತು ನಾನೇ ಪ್ರಶ್ನೆ ಕೇಳಿಕೊಂಡೆ. ಮೋಟಾರ್ ಎಷ್ಟು ಎಚ್‌ಪಿ ಅಂತ ಗೊತ್ತಿರಲಿಲ್ಲ! ತಿಂಗಳ ಕರೆಂಟ್ ಬಿಲ್ಲೂ ಗೊತ್ತಿಲ್ಲ. ಅಪ್ಪನ ಹತ್ತಿರ ಹೋಗಿ ಕೇಳಿದೆ. ‘ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ, ಗಿರಣಿ ಮಾರ್ತೀಯೇನು?’ ಅಂದರು. ಆಮೇಲೆ ಬಿಲ್ಲಿನ ಕಟ್ಟು ತಂದು ಮುಂದೆ ಇಟ್ಟರು. ಇವತ್ತು ಅದನ್ನೇ ಓದುತ್ತಿದ್ದೇನೆ.