ಡ್ರೇಕ್ ದಾಟುವ ಮುನ್ನ: ಹಡಗಿನ ಡಾಕ್ಟರಿಗೆ ಮುಂಬೈ ಕನ್ನಡಿಗರ ಗುಂಪಿನ ಪ್ರಶ್ನೆಗಳು

ಮಾಟುಂಗಾ ಸದಸ್ಯ: ಡಾಕ್ಟ್ರೇ, ಅರ್ಜೆಂಟೀನಾದ ದಕ್ಷಿಣ ತುದಿಯ ಉಶುವಾಯಾ ಬಂದರಿನಿಂದ ಅಂಟಾರ್ಕ್ಟಿಕಾಗೆ ಸಣ್ಣ ಹಡಗು ಬುಕ್ ಮಾಡಿದ್ದೇವೆ. ನಡುವಿನ ಒರಟು ಸಮುದ್ರ ಡ್ರೇಕ್ ಪ್ಯಾಸೇಜ್‌ನಲ್ಲಿ ವಾಂತಿ ಆಗದಂತೆ ಯಾವ ಮಾತ್ರೆ, ಯಾವಾಗ?

ಡಾಕ್ಟರ್: ಸಿನ್ನಾರಿಜಿನ್ 25 ಮಿ.ಗ್ರಾಂ. ಹಡಗು ಸಾಮಾನ್ಯವಾಗಿ ಸಂಜೆ ಹೊರಡುತ್ತದೆ. ಬೀಗಲ್ ಕಾಲುವೆಯಲ್ಲಿ ಕೆಲವು ಗಂಟೆ ನೀರು ಶಾಂತ, ತೆರೆದ ಸಮುದ್ರ ಸಿಗುವುದು ರಾತ್ರಿ. ಅದಕ್ಕೇ ರಾತ್ರಿ ಊಟದ ಹೊತ್ತಿಗೆ ನುಂಗಿಬಿಡಿ. ಓಲಾಟ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಪಾರ್ಕಿನ್ಸನ್ ಇದ್ದವರಿಗೆ ಈ ಮಾತ್ರೆ ಬೇಡ. ಕಿವಿಯ ಹಿಂದೆ ಅಂಟಿಸುವ ಸ್ಕೋಪೋಲಮಿನ್ ಪಟ್ಟಿ ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ), ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಬೇಡ. ಕ್ಯಾಬಿನ್ ಕೆಳಗಿನ ಡೆಕ್ಕಿನಲ್ಲಿ, ಹಡಗಿನ ನಡುಭಾಗದಲ್ಲಿ ಇರಲಿ.

ವಸಾಯಿ ಸದಸ್ಯ: ಫಾರ್ವರ್ಡ್ ಬಂದಿದೆ: ಹೊಕ್ಕುಳಿಗೆ ಬ್ಯಾಂಡೇಜ್ ಪಟ್ಟಿ ಅಂಟಿಸಿ, ಕರ್ಪೂರ ಚೂರು ನುಂಗಿದರೆ ವಾಂತಿ ನಿಲ್ಲುತ್ತದಂತೆ.

ಡಾಕ್ಟರ್: ವಾಕರಿಕೆ ಹುಟ್ಟುವುದು ಒಳಕಿವಿಯಲ್ಲಿ, ಹೊಕ್ಕುಳಲ್ಲಿ ಅಲ್ಲ. ಪೂಜೆಯ ಕರ್ಪೂರ ನುಂಗಿದರೆ ಫಿಟ್ಸ್ ಬರುತ್ತದೆ. ಆ ಫಾರ್ವರ್ಡನ್ನು ಇನ್ನೊಬ್ಬರಿಗೆ ಕಳಿಸಬೇಡಿ.

ಡೊಂಬಿವಿಲಿ ಸದಸ್ಯೆ: ಅಮ್ಮನಿಗೆ 66, ಶುಗರ್ ಇದೆ. ರಾತ್ರಿ ಗ್ಲಾರ್ಜಿನ್ ಇನ್ಸುಲಿನ್, ಜೊತೆಗೆ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್. ಏಕಾದಶಿ ನಿರಾಹಾರ ಬಿಡುವುದಿಲ್ಲ. ಕರೆದೊಯ್ಯಬಹುದೇ?

ಡಾಕ್ಟರ್: ಇದಕ್ಕೆ ವಿವರವಾಗಿಯೇ ಬರೆಯಬೇಕು. ಇನ್ಸುಲಿನ್‌ಗಿಂತ ನನಗೆ ಭಯ ಡಾಪಾಗ್ಲಿಫ್ಲೋಜಿನ್ ಮೇಲೆ. ಅದು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ವಾಂತಿಯಾಗಿ ಊಟ ಸೇರದಿದ್ದರೆ ದೇಹ ಕೊಬ್ಬು ಕರಗಿಸತೊಡಗಿ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರುತ್ತದೆ. ಆಗಲೂ ಗ್ಲೂಕೋಮೀಟರ್ 180 ತೋರಿಸಬಹುದು, ಮನೆಯವರು ನಿಶ್ಚಿಂತರಾಗುತ್ತಾರೆ. ಹೊಟ್ಟೆನೋವು, ವಾಂತಿ, ಸುಸ್ತು ಎಲ್ಲವೂ ಸಮುದ್ರದ ವಾಕರಿಕೆಯಂತೆಯೇ ಕಾಣುತ್ತವೆ. ಉಸಿರು ಜೋರಾಗಿ, ಆಳವಾಗಿ ಓಡಿದರೆ ತಡಮಾಡಬೇಡಿ.

ಹಡಗು ಹತ್ತುವ ಮೂರು ದಿನ ಮೊದಲೇ ಡಾಪಾಗ್ಲಿಫ್ಲೋಜಿನ್ ನಿಲ್ಲಿಸಬಹುದೇ ಎಂದು ಅಮ್ಮನ ಡಾಕ್ಟರನ್ನು ಈಗಲೇ ಕೇಳಿ. ವಾಂತಿ ಶುರುವಾದರೆ ಮೆಟ್‌ಫಾರ್ಮಿನ್ ಕೂಡ ನಿಲ್ಲಿಸಿ. ಗ್ಲಾರ್ಜಿನ್ ಮಾತ್ರ ಪೂರ್ತಿ ಬಿಡಬಾರದು. ಎಷ್ಟು ಯೂನಿಟ್ ಎಂದು ಮೊದಲೇ ಬರೆಸಿಕೊಳ್ಳಿ. ರಕ್ತದ ಕೀಟೋನ್ ಅಳೆಯುವ ಮೀಟರ್, ಸ್ಟ್ರಿಪ್, ಓಆರ್‌ಎಸ್ ಜೊತೆಗಿರಲಿ. ನಾಲ್ಕು ಗಂಟೆಗೊಮ್ಮೆ ನೋಡಿ, ಕೀಟೋನ್ 1.5 ದಾಟಿದರೆ ನಡುರಾತ್ರಿಯಾದರೂ ಹಡಗಿನ ಡಾಕ್ಟರನ್ನು ಎಬ್ಬಿಸಿ.

ಹಡಗಿನಲ್ಲಿ ಐಸಿಯು ಇಲ್ಲ. ಅಂಟಾರ್ಕ್ಟಿಕಾದ ಕಿಂಗ್ ಜಾರ್ಜ್ ದ್ವೀಪದ ರನ್‌ವೇವರೆಗೆ ಹಡಗು ತಲುಪಬೇಕು, ಮೋಡ ಸರಿಯಬೇಕು, ಆಮೇಲೆ ಚಿಲಿಯ ಪುಂಟಾ ಅರೆನಾಸ್‌ಗೆ ವಿಮಾನ. ಇದಕ್ಕೆ ದಿನಗಳೇ ಹಿಡಿಯಬಹುದು. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಟ್ಟಿತು. ದಡಕ್ಕಿಳಿಯುವಾಗ ಜಾಕೆಟ್ಟಿನ ಒಳಜೇಬಲ್ಲಿರಲಿ. ನಿರಾಹಾರ ಈ ಪ್ರಯಾಣದಲ್ಲಿ ಬೇಡವೇ ಬೇಡ.

ಠಾಣೆ ಸದಸ್ಯ: ಇಷ್ಟೆಲ್ಲ ಯಾಕೆ? ಮೂರು ಸಾವಿರ ಜನರ ದೊಡ್ಡ ಹಡಗಲ್ಲಿ ಹೋಗಿ, ಅಲುಗಾಟವೂ ಕಮ್ಮಿ.

ಪುಣೆ ಸದಸ್ಯ: 500ಕ್ಕಿಂತ ಹೆಚ್ಚು ಪ್ರಯಾಣಿಕರಿದ್ದರೆ ಅಲ್ಲಿ ಯಾರನ್ನೂ ದಡಕ್ಕಿಳಿಸುವುದಿಲ್ಲ. ಒಂದು ಜಾಗದಲ್ಲಿ ಒಮ್ಮೆಗೆ ನೂರೇ ಜನ. ಕಿಟಕಿಯಲ್ಲಿ ನೋಡೋಕೆ ಅಷ್ಟು ದುಡ್ಡೇ?

ಠಾಣೆ ಸದಸ್ಯ: ಬ್ರೋಷರ್ ಓದಿ ಪಾಠ ಹೇಳಬೇಡಿ.

ಪುಣೆ ಸದಸ್ಯ: ನೀವು ಅದನ್ನೂ ಓದಿಲ್ಲ ಅಂತ ಗೊತ್ತಾಯ್ತು.

ಮಡಗಾಂವ್ ಸದಸ್ಯೆ: ನನಗೆ ಮೊಣಕಾಲು ನೋವು. ಪೆಂಗ್ವಿನ್ ನೋಡುವಾಗ ನೆಲದ ಮೇಲೆ ಕೂರಬಹುದೇ?

ಡಾಕ್ಟರ್: ಕೂರುವಂತಿಲ್ಲ, ಮಂಡಿಯೂರುವಂತಿಲ್ಲ, ಬ್ಯಾಗೂ ಇಡುವಂತಿಲ್ಲ. ಹಕ್ಕಿಜ್ವರ ಅಲ್ಲಿಗೂ ಮುಟ್ಟಿದೆ. ಬೂಟು ಸೋಂಕುನಾಶಕದಲ್ಲಿ ಅದ್ದಿಯೇ ಹಡಗು ಹತ್ತಬೇಕು. ಜೋಡಿಯಾಕ್ ರಬ್ಬರ್ ದೋಣಿಗೆ ಇಳಿಯುವಾಗ ಎರಡೂ ಕೈ ಖಾಲಿ ಇರಲಿ. ನಾವಿಕನ ಬೆರಳನ್ನಲ್ಲ, ಮುಂಗೈಯನ್ನು ಹಿಡಿಯಿರಿ.

ಮೀರಾ ರೋಡ್ ಸದಸ್ಯ: ವಾಂತಿಗೆ ಯಾವ ಮಾತ್ರೆ ಸರ್?

ಡಾಕ್ಟರ್: ಮೊದಲ ಉತ್ತರ ಓದಿ.

ಠಾಣೆ ಸದಸ್ಯ: ಕೇಳಿದವರಿಗೆ ಸ್ವಲ್ಪ ಮರ್ಯಾದೆಯಿಂದ ಹೇಳಬಹುದಲ್ಲ?

ವಸಾಯಿ ಸದಸ್ಯ: ಆದರೂ ಶುಂಠಿ ಇದ್ದರೆ ಮಾತ್ರೆ ಬೇಕಿಲ್ಲ ಅಂತ ನಮ್ಮ ಗುಂಪಲ್ಲಿ…

ಡಾಕ್ಟರ್: ಶುಂಠಿಯಿಂದ ಸ್ವಲ್ಪ ಉಪಯೋಗ ಆಗಬಹುದು. ಡ್ರೇಕ್‌ಗೆ ಅದೊಂದೇ ಸಾಲದು. ಫಾರ್ವರ್ಡ್ ಸಾಕು.

ಡೊಂಬಿವಿಲಿ ಸದಸ್ಯೆ: ಹಡಗಿನವರ ಆರೋಗ್ಯ ಫಾರ್ಮಿನಲ್ಲಿ ಬರೀ 'ಶುಗರ್' ಅಂತ ಬರೆದರೆ ಸಾಕೆಂದು ಏಜೆಂಟ್ ಹೇಳ್ತಾರೆ.

ಡಾಕ್ಟರ್: ಸಾಲದು. ಮೂರೂ ಔಷಧಿಗಳ ಮೂಲ ಹೆಸರು, ಡೋಸ್ ಬರೆಯಿರಿ. ಮುಚ್ಚಿಟ್ಟರೆ ವಿಮೆ ಕಂಪನಿ ವಿಮಾನದ ಖರ್ಚು ಕೊಡದೆ ಹೋಗಬಹುದು. ಅಮ್ಮನ ಡಾಕ್ಟರ್ ಏನಂದರು ಎಂದು ಇಲ್ಲೇ ತಿಳಿಸಿ.