‘ಪೋಷಕರ ಶಿಕ್ಷಣ’: ಪೋಷಕರು ಓದಿದ್ದೋ, ಪೋಷಕರಿಗೆ ಕಲಿಸುವುದೋ?

ಎಲ್ಲರಿಗೂ ನಮಸ್ಕಾರ.

ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆ ಕುರಿತು ಅಂಗನವಾಡಿ ಕಾರ್ಯಕರ್ತೆಯರಿಗಾಗಿ ಬರೆಸಿದ ಕಿರುಹೊತ್ತಗೆಯೊಂದರ ಕರಡು ತಿದ್ದುತ್ತಿದ್ದೇನೆ. ಅದರಲ್ಲೊಂದು ವಾಕ್ಯ: “ಪೋಷಕರ ಶಿಕ್ಷಣದಿಂದ ಮಗುವಿನ ಮಿದುಳು ಹೆಚ್ಚು ಬೆಳೆಯುತ್ತದೆ.” ಓದಿದ ಮೇಲ್ವಿಚಾರಕಿಯೊಬ್ಬರು “ಸರಿ ಹಾಗಾದ್ರೆ, ಮುಂದಿನ ತಾಯಂದಿರ ಸಭೇಲೇ ಶುರು ಮಾಡೋಣ” ಅಂದರು. ತಾಯಂದಿರಿಗೆ ಕೊಡುವ ತಿಳಿವಳಿಕೆ ಎಂದುಕೊಂಡರು ಅವರು. ಬರೆದವರ ಮನಸ್ಸಿನಲ್ಲಿದ್ದದ್ದು ತಂದೆತಾಯಿ ಶಾಲೆ ಕಾಲೇಜಿನಲ್ಲಿ ಕಳೆದ ವರ್ಷಗಳು. ಷಷ್ಠಿ ವಿಭಕ್ತಿ ಎರಡಕ್ಕೂ ಒಗ್ಗುತ್ತದೆ, ಅದೇ ತೊಡಕು.

‘ತಂದೆತಾಯಿಯ ಓದು’ ಎನ್ನಬಹುದು. “ಎಷ್ಟು ಓದಿದ್ದೀಯಮ್ಮ?” ಎಂದರೆ “ಎಸ್ಸೆಸ್ಸೆಲ್ಸಿ” ಎಂದೇ ಉತ್ತರ ಬರುತ್ತದಲ್ಲ. ಆದರೆ ಮುಂದಿನ ಪುಟದಲ್ಲೇ ಮಗುವಿಗೆ ಕತೆ ಓದಿ ಹೇಳುವ ವಿಷಯವಿದೆ. ಅಲ್ಲಿ ‘ತಾಯಿಯ ಓದು’ ಮತ್ತೆ ಗೊಂದಲ. ಸದ್ಯಕ್ಕೆ ‘ತಂದೆತಾಯಿ ಎಷ್ಟು ವರ್ಷ ಓದಿದ್ದಾರೆ ಎಂಬುದು’ ಎಂದು ಬಿಡಿಸಿ ಬರೆದಿದ್ದೇನೆ. ಉದ್ದವಾಯಿತು, ಇರಲಿ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಆ ‘ಇಂದ’. ಕರಡಿಗೆ ಆಧಾರ 2015ರಲ್ಲಿ ಅಮೆರಿಕದ ಕಿಂಬರ್ಲಿ ನೋಬಲ್ ಮತ್ತು ಸಂಗಡಿಗರು ನೇಚರ್ ನ್ಯೂರೋಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ. 3ರಿಂದ 20 ವರ್ಷದ 1,099 ಮಂದಿಯ ಮಿದುಳಿನ ಚಿತ್ರಗಳನ್ನು ನೋಡಿದ್ದರು. ತಂದೆತಾಯಿ ಹೆಚ್ಚು ವರ್ಷ ಓದಿದ್ದ ಮಕ್ಕಳಲ್ಲಿ ಮಿದುಳಿನ ಹೊರಪದರದ ವಿಸ್ತೀರ್ಣ ಸರಾಸರಿಯಲ್ಲಿ ಹೆಚ್ಚಿತ್ತು. ಆದಾಯಕ್ಕೂ ನಂಟು ಕಂಡಿತು. ಕಡುಬಡವರಲ್ಲಿ ಆದಾಯ ತುಸು ಹೆಚ್ಚುಕಡಿಮೆಯಾದರೂ ವಿಸ್ತೀರ್ಣದಲ್ಲಿ ದೊಡ್ಡ ಅಂತರ. ಇದು ಇದ್ದರೆ ಅದೂ ಇರುತ್ತದೆ, ಅಷ್ಟೇ ಅದರ ಮಾತು. ನಮ್ಮ ತೃತೀಯಾ ವಿಭಕ್ತಿ ಮಾತ್ರ ನೇರವಾಗಿ ಕಾರಣದ ಪಟ್ಟ ಕಟ್ಟಿಬಿಡುತ್ತದೆ. ‘ಓದಿದಷ್ಟೂ ಮಿದುಳು ದೊಡ್ಡದು’ ಎಂದರೂ ಅದೇ ಕತೆ. ಶಾಲೆಯ ಮೆಟ್ಟಿಲು ಹತ್ತದ ತಾಯಿ ಕಂಕುಳಲ್ಲಿ ಕೂಸಿಟ್ಟುಕೊಂಡು ಇದನ್ನು ಕೇಳಿಸಿಕೊಂಡರೆ ಏನಂದುಕೊಂಡಾಳು?

ಹೀಗೆ ಎರಡು ಜೊತೆಜೊತೆಗೆ ಕಾಣುವುದಕ್ಕೆ ‘ಸಹಸಂಬಂಧ’ ಎಂಬ ಪದವಿದೆ, ಸಂಖ್ಯಾಶಾಸ್ತ್ರದ ಪಠ್ಯದಾಚೆ ಅದಕ್ಕೆ ಬದುಕಿಲ್ಲ. ನನ್ನ ಅಭಿಪ್ರಾಯದಲ್ಲಿ ಹೊಸ ಪದಕ್ಕಿಂತ ಸಪ್ತಮಿ ವಿಭಕ್ತಿಯೇ ವಾಸಿ: ‘ಓದಿನಿಂದ ಬೆಳೆಯುತ್ತದೆ’ ಬದಲು ‘ಓದಿದವರ ಮಕ್ಕಳಲ್ಲಿ ಹೆಚ್ಚಿರುವುದು ಕಂಡುಬಂದಿದೆ’. ‘ಇಂದ’ ಹಚ್ಚುವ ಹಕ್ಕು ಬೇಕಾದರೆ ಪ್ರಯೋಗ ನಡೆಯಬೇಕು. ಅಮೆರಿಕದ ‘ಬೇಬೀಸ್ ಫಸ್ಟ್ ಇಯರ್ಸ್’ ಅಂಥದೊಂದು ಪ್ರಯೋಗ, ಆದರೆ ಅದು ಪರೀಕ್ಷಿಸಿದ್ದು ಹಣವನ್ನು, ಓದನ್ನಲ್ಲ. 1,000 ಬಡ ತಾಯಂದಿರಲ್ಲಿ ಚೀಟಿ ಎತ್ತಿದ ಹಾಗೆ ಆರಿಸಿ ಕೆಲವರಿಗೆ ತಿಂಗಳಿಗೆ 333 ಡಾಲರ್, ಉಳಿದವರಿಗೆ 20 ಡಾಲರ್ ಕೊಟ್ಟರು. ಮಕ್ಕಳಿಗೆ ವರ್ಷ ತುಂಬಿದಾಗ ಮಿದುಳಿನ ಅಲೆಗಳಲ್ಲಿ ವ್ಯತ್ಯಾಸ ಕಂಡಂತಿತ್ತು, ನಾಲ್ಕಕ್ಕೆ ಬರುವಾಗ ಕಾಣಲಿಲ್ಲ.

ಕೊನೆಗೊಂದು ಸಣ್ಣ ಪ್ರಶ್ನೆ. ಹಸುಗೂಸಿನ ಮಿದುಳಿನಲ್ಲಿ ನರಕೋಶಗಳ ನಡುವಿನ ಕೊಂಡಿಗಳು ಮೊದಲು ಅತಿಯಾಗಿ ಹುಟ್ಟಿ, ಬಳಕೆಯಾಗದವು ಆಮೇಲೆ ಕಳಚಿಹೋಗುತ್ತವೆ. ಈ ಪ್ರೂನಿಂಗ್‌ಗೆ ಕರಡಿನಲ್ಲಿ ‘ಕತ್ತರಿಸುವಿಕೆ’ ಎಂದಿದೆ. ಕೇಳಿದರೆ ಆಪರೇಷನ್ ನೆನಪಾಗುತ್ತದೆ. ಕಾಫಿ ಸೀಮೆಯವರು ‘ಕಸಿ’ ಎನ್ನುತ್ತಾರೆ, ಆದರೆ ಬಯಲುಸೀಮೆಯಲ್ಲಿ ಕಸಿ ಎಂದರೆ ಜೋಡಿಸುವುದು, ಪೂರಾ ಉಲ್ಟಾ. ವಿಜಯಪುರದ ದ್ರಾಕ್ಷಿ ತೋಟಗಳ ‘ಚಾಟ್ನಿ’ ದಕ್ಷಿಣದವರಿಗೆ ಬರೀ ಚಟ್ನಿಯಾದೀತು. ‘ಸವರುವುದು’ ಎಂದಿಟ್ಟರೆ ಎಲ್ಲ ಕಡೆಯೂ ನಡೆಯುತ್ತದೆಯೇ? ಕರಾವಳಿ ಮತ್ತು ಕಲ್ಯಾಣ ಕರ್ನಾಟಕದವರು ದಯವಿಟ್ಟು ತಿಳಿಸಿ.